ಬೂದಿಗುಡ್ಡದ ಕಾಲನಿರ್ಣಯ

ಚರಿತ್ರೆಯ ಪುಸ್ತಕ ಓದುವವನಿಗೆ ದೇವರು ಕೊಟ್ಟ ಎರಡು ಕೈ ಸಾಲುವುದಿಲ್ಲ ಎಂಬುದು ನನ್ನ ಸ್ವಾನುಭವಸಿದ್ಧವಾದ ಅಭಿಪ್ರಾಯ. ಕಾದಂಬರಿಯಾದರೆ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಮಂಡಾಳು ಒಗ್ಗರಣೆಯ ತಟ್ಟೆ ಹಿಡಿದುಕೊಂಡು ನಾಯಕಿಯ ಕಷ್ಟಗಳನ್ನು ಹಸಿಮೆಣಸಿನಕಾಯಿಯೊಂದಿಗೆ ಸವಿಯಬಹುದು. ಚರಿತ್ರೆಯಲ್ಲಿ ಆ ಸೌಕರ್ಯವಿಲ್ಲ. ದಂಡು ಹೊರಡುವುದು ನೂರ ನಲವತ್ತನೆಯ ಪುಟದಲ್ಲಿ, ಅದು ಹೋದ ದಾರಿಯ ನಕಾಶೆ ಇರುವುದು ಅರವತ್ತೆರಡರಲ್ಲಿ, ಯಾರು ಯಾರಿಗೆ ಅಳಿಯ, ಯಾವ ಅಳಿಯ ಯಾವ ಮಾವನ ಕಣ್ಣು ಕೀಳಿಸಿದ ಎಂಬ ವಂಶವೃಕ್ಷ ಇರುವುದು ಕಟ್ಟಕಡೆಯಲ್ಲಿ. ಹೀಗಾಗಿ ಬಲಗೈಯ ತೋರುಬೆರಳು ನಕಾಶೆಯಲ್ಲಿಯೂ ಎಡಗೈಯ ಕಿರುಬೆರಳು ವಂಶವೃಕ್ಷದಲ್ಲಿಯೂ ಸಿಕ್ಕಿಬಿದ್ದು, ಓದುಗನು ತನ್ನ ಪುಸ್ತಕಕ್ಕೆ ತಾನೇ ಕೈಕೋಳ ಹಾಕಿಸಿಕೊಂಡು ಕೂತಿರುತ್ತಾನೆ. ಇಂಥ ಹೊತ್ತಿಗೇ ಅಡುಗೆಮನೆಯಿಂದ ನನ್ನ ಹೆಂಡತಿ ವನಮಾಲಾ, “ಚವಳಿಕಾಯಿ ಸೋಸಿ ಕೊಡ್ರಿ ಅಂತ ಎಷ್ಟ ಸಲ ಹೇಳಬೇಕ್ರೀ” ಎಂದು ಕೂಗುವುದು. ಕೈ ಬಿಡುವಿಲ್ಲ ಎಂದು ನಾನು ಹೇಳಿದರೆ ಅದು ಅಕ್ಷರಶಃ ಸತ್ಯ. ಆದರೆ ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಅಕ್ಷರಶಃ ಸತ್ಯಗಳನ್ನು ನಂಬುವ ಕಾಲ ದಾಟಿರುತ್ತಾಳೆ.

ನಾನಿರುವುದು ರಾಯಚೂರಿನಲ್ಲಿ. ಚರಿತ್ರೆಯ ಪುಸ್ತಕಗಳಲ್ಲಿ ನಮ್ಮೂರಿನ ಸ್ಥಾನಮಾನವೇನೆಂದು ನಿಮಗೆ ಗೊತ್ತಿದ್ದೀತು. ನಕಾಶೆಯಲ್ಲಿ ದಕ್ಷಿಣದಿಂದ ಒಂದು ಬಾಣ ಬರುತ್ತದೆ, ಉತ್ತರದಿಂದ ಇನ್ನೊಂದು ಬಾಣ ಬರುತ್ತದೆ, ಎರಡೂ ಮೂತಿ ತಾಗಿಸುವ ಜಾಗದಲ್ಲಿ, ಬಾಣದ ತುದಿಯ ಅಡಿಯಲ್ಲಿ ಅರ್ಧ ಮುಚ್ಚಿಹೋದ ಅಕ್ಷರಗಳಲ್ಲಿ ನಮ್ಮೂರ ಹೆಸರು. ಕೃಷ್ಣೆ ತುಂಗಭದ್ರೆಯರ ನಡುವಿನ, ಪುಸ್ತಕಗಳು ದೋಆಬ್ ಎಂದು ಕರೆಯುವ ಈ ನೆಲವನ್ನು ವಿಜಯನಗರದವರು ಗೆದ್ದರು, ಬಹಮನಿಯವರು ಗೆದ್ದರು, ಆಮೇಲೆ ಆದಿಲಶಾಹಿಗಳು, ಆಮೇಲೆ ನಿಜಾಮರು. ನಾವು ಮಾತ್ರ ಯಾರನ್ನೂ ಗೆದ್ದದ್ದು ಯಾವ ಪುಟದಲ್ಲಿಯೂ ಇಲ್ಲ. ಓದುತ್ತ ಓದುತ್ತ ನನಗೆ ವೈಯಕ್ತಿಕವಾಗಿ ಅವಮಾನವಾದಂತಾಗಿ, ಒಂದು ದಿನ ಪುಸ್ತಕ ಮುಚ್ಚಿ, “ಎಲ್ಲಾರೂ ನಮ್ಮನ್ನ ಬರೇ ಗೆಲ್ಲೋದ ಆತಲ್ಲ!” ಎಂದು ಜೋರಾಗಿ ಅಂದೆ. ತರಕಾರಿಯ ಗಾಡಿಯವನು ಬಾಗಿಲಲ್ಲಿ ನಿಂತಿದ್ದ. ಅವನು ಏನು ತಿಳಿದನೋ, ಕೊತ್ತಂಬರಿಯ ಒಂದು ಸಿವುಡನ್ನು ಸುಮ್ಮನೆ ಕೊಟ್ಟು ಹೋದ.

ವೃತ್ತಿಯಿಂದ ನಾನು ರಸಾಯನಶಾಸ್ತ್ರದ ಉಪನ್ಯಾಸಕ. ಇಡೀ ಆಯುಷ್ಯ ಆಮ್ಲ, ಪ್ರತ್ಯಾಮ್ಲ, ಭಸ್ಮ, ಲವಣ ಎಂದು ಹುಡುಗರ ತಲೆ ತಿಂದು ನಿವೃತ್ತನಾದೆ. ನಿವೃತ್ತಿಯ ಮರುವಾರ ಹಲ್ಲಿನ ದವಾಖಾನೆಯಲ್ಲಿ ಸರದಿ ಕಾಯುವಾಗ ಯಾರೋ ಬಿಟ್ಟುಹೋಗಿದ್ದ ಸಾಮ್ರಾಜ್ಯಗಳ ಚರಿತ್ರೆಯೊಂದು ಕೈಗೆ ಸಿಕ್ಕಿತು. ಒಳಗೆ ಕರೆದಾಗ ನಾನು ಏಳಲಿಲ್ಲ, ಮುತ್ತಿಗೆ ನಡೆದಿತ್ತು. ಹಲ್ಲು ಹಾಗೆಯೇ ಉಳಿಯಿತು, ಹುಚ್ಚು ಹಿಡಿಯಿತು. ಈ ಹುಚ್ಚಿಗೆ ಜೊತೆಗಾರರು ದೇವದುರ್ಗದ ವೀರಭದ್ರಪ್ಪ ಮೇಷ್ಟ್ರು. ಅವರು ಇತಿಹಾಸವನ್ನೇ ಪಾಠ ಹೇಳಿ ನಿವೃತ್ತರಾದವರು, ಆದ್ದರಿಂದ ಸ್ವಭಾವತಃ ಸಂಶಯಾತ್ಮರು. ನಾವಿಬ್ಬರೂ ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳುವುದು ಬಸ್ಸಿನ ಮೂಲಕ. ಬೆಳಗಿನ ದೇವದುರ್ಗದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಟ್ಟು ಕೊಟ್ಟು ಫೋನು ಮಾಡಿದರೆ, ಮೇಷ್ಟ್ರು ಅಲ್ಲಿಯ ನಿಲ್ದಾಣದಲ್ಲಿ ನಿಂತು ಇಳಿಸಿಕೊಳ್ಳುತ್ತಾರೆ. ನಮ್ಮ ಕಡೆ ಉಪ್ಪಿನಕಾಯಿ, ಕನ್ನಡಕ, ಜಾತಕ ಎಲ್ಲವೂ ಹೀಗೆಯೇ ಸಂಚರಿಸುತ್ತವೆ. ಮರಳಿ ಬರುವ ಪುಸ್ತಕದಲ್ಲಿ ಮೇಷ್ಟ್ರ ಚೀಟಿಗಳಿರುತ್ತವೆ: “ಇದು ಅತಿಶಯೋಕ್ತಿ”, “ಆಧಾರ ಎಲ್ಲಿ?”, “ಇಷ್ಟು ಆನೆ ಇದ್ದರೆ ಮೇವು ಯಾರು ಹಾಕಿದರು?”

ಓದಿದ್ದು ತಲೆಯಲ್ಲಿ ಸುಮ್ಮನೆ ಕೂಡಬೇಕಲ್ಲ! ನಮ್ಮ ಮನೆಗೂ ಪಕ್ಕದ ಬಟ್ಟೆ ವ್ಯಾಪಾರಿಗಳ ಮನೆಗೂ ನಡುವೆ ಎರಡಡಿಯ ಸಂದಿಯಿದೆ. ಅತ್ತಲಿಂದ ಅವರ ಬಟ್ಟೆ ತೊಳೆಯುವ ಯಂತ್ರದ ನೀರು, ಇತ್ತಲಿಂದ ನಮ್ಮ ಕೂಲರಿನ ನೀರು ಹರಿದುಬರುವುದರಿಂದ ಅದಕ್ಕೆ ನಾನು ದೋಆಬ್ ಎಂದು ನಾಮಕರಣ ಮಾಡಿ, ಅವರು ಅಲ್ಲಿಟ್ಟ ಮುರುಕು ಕುರ್ಚಿಯನ್ನು ಅತಿಕ್ರಮಣವೆಂದು ಘೋಷಿಸಿ, ಪ್ರತಿಯಾಗಿ ನಮ್ಮ ತುಳಸಿಯ ಖಾಲಿ ಡಬ್ಬಿಯೊಂದನ್ನು ಗಡಿಠಾಣೆಯಾಗಿ ಸ್ಥಾಪಿಸಿದೆ. ಮೂರು ದಿನ ಕಿಟಕಿಯಲ್ಲಿ ನಿಂತು ಕಾದೆ. ನಾಲ್ಕನೆಯ ದಿನ ಅವರ ಮನೆಯಾಕೆ ಕುರ್ಚಿಯನ್ನೂ ಡಬ್ಬಿಯನ್ನೂ ಒಟ್ಟಿಗೆ ಗುಜರಿಯವನಿಗೆ ಕೊಟ್ಟು, ಬಂದ ದುಡ್ಡಿನಲ್ಲಿ ಮಿರ್ಚಿ ಭಜಿ ತರಿಸಿ ನಮಗೂ ಒಂದು ತಟ್ಟೆ ಕಳಿಸಿದರು. ಯುದ್ಧ ಹೀಗೆ ಮುಗಿಯಬಹುದೆಂದು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ.

ಸಾಮ್ರಾಜ್ಯಗಳು ಮುಗಿದ ಮೇಲೆ ನಾನು ನಾಗರಿಕತೆಯ ಉಗಮಕ್ಕೆ ಕೈಹಾಕಿದೆ. ಅನರ್ಥವಾದದ್ದು ಅಲ್ಲಿಯೇ. ನಮ್ಮ ಈ ಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದೆ ದನಗಾಹಿ ಜನರಿದ್ದರೆಂದೂ, ಅವರು ದೊಡ್ಡಿಗಳಲ್ಲಿ ಸಗಣಿಯನ್ನು ರಾಶಿ ಹಾಕಿ ಸುಡುತ್ತಿದ್ದರೆಂದೂ, ಆ ಬೂದಿಯೇ ಪದರಪದರವಾಗಿ ಕೂತು ಗುಡ್ಡಗಳಾಗಿ ಇಂದಿಗೂ ಅಲ್ಲಲ್ಲಿ ಉಳಿದಿದೆಯೆಂದೂ ಓದಿದಾಗ ನನ್ನ ಮೈ ಝುಮ್ಮೆಂದಿತು. ಬಾಣದ ತುದಿಯಡಿಯಲ್ಲಿ ಮುಚ್ಚಿಹೋದ ಊರಲ್ಲ ನಮ್ಮದು! ಬಾಣಗಳೇ ಹುಟ್ಟುವ ಮೊದಲು ನಾವಿದ್ದೆವು! ಅಂದಿನಿಂದ ಎಲ್ಲಿ ಬೂದಿ ಕಂಡರೂ ನನ್ನ ಕಾಲುಗಳು ನಿಲ್ಲತೊಡಗಿದವು. ಇಸ್ತ್ರಿ ಅಂಗಡಿಯ ಮುಂದೆ, ಜೋಳದ ರೊಟ್ಟಿ ಬಡಿಯುವ ಖಾನಾವಳಿಯ ಹಿಂದೆ, ಒಮ್ಮೆ ಮಟಮಾರಿ ಎಂಬ ಹಳ್ಳಿಯಲ್ಲಿ ಯಾರದೋ ಮದುವೆಯ ಒಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಅಡುಗೆಯವನು ನನ್ನನ್ನು ತಿಂಡಿ ಸಿಗದ ಬೀಗರೆಂದು ತಿಳಿದು ಎರಡು ಲಾಡು ಕೊಟ್ಟ. ವೀರಭದ್ರಪ್ಪ ಮೇಷ್ಟ್ರಿಗೆ ನನ್ನ ಉತ್ಸಾಹವನ್ನು ತಿಳಿಸಿದಾಗ ಅವರು ಫೋನಿನಲ್ಲಿ, “ಬೂದಿ ಕಂಡ ಕೂಡಲೇ ಕುಣೀಬ್ಯಾಡ್ರಿ ಸರ. ಮೊದ್ಲ ಆ ಓಣ್ಯಾಗ ಇದ್ದವರನ್ನ ಕೇಳ್ರಿ, ಆಮ್ಯಾಲ ಪುಸ್ತಕ ತಗೀರಿ” ಎಂದರು. ಇದು ಇತಿಹಾಸದ ಮೇಷ್ಟ್ರೊಬ್ಬರ ಅಸೂಯೆಯೆಂದು ನಾನು ಬಗೆದೆ.

ಮಾನ್ವಿ ನನ್ನ ಹೆಂಡತಿಯ ತವರು. ಹೋದ ಬೇಸಿಗೆಯಲ್ಲಿ ನಮ್ಮ ಮಾವನವರ ಶ್ರಾದ್ಧಕ್ಕೆಂದು ಅಲ್ಲಿಗೆ ಹೋಗಿದ್ದೆವು. ಶ್ರಾದ್ಧದ ದಿನದ ಹಸಿವು ಎಂಥದೆಂಬುದು ನಮ್ಮಂಥ ಮನೆಯವರಿಗೇ ಗೊತ್ತು. ಹೋಮವಾಗಿ, ಪಿಂಡವಾಗಿ, ಬ್ರಾಹ್ಮಣರ ಭೋಜನ ಮುಗಿದು, ನಮ್ಮ ಎಲೆ ಹಾಕುವಷ್ಟರಲ್ಲಿ ಸೂರ್ಯನು ಪಶ್ಚಿಮಕ್ಕೆ ಮುಖ ಮಾಡಿರುತ್ತಾನೆ. ಒಳಗಿನಿಂದ ವಡೆಯ ವಾಸನೆ ಬರುತ್ತಿತ್ತು. ಅದನ್ನು ತಡೆಯಲಾರದೆ, ಮಡಿ ಉಟ್ಟುಕೊಂಡೇ, ಹಿತ್ತಲ ಬಾಗಿಲಿನಿಂದ ಹೊರಬಿದ್ದು ನಾಲ್ಕು ಹೆಜ್ಜೆ ಹಾಕಿದೆ. ಹಿಂದಿನ ಬಯಲಿನಲ್ಲಿ, ಅಕ್ಕಿ ಗಿರಣಿಯ ಗೋಡೆಯ ಆಚೆಗೆ, ಎದೆಯೆತ್ತರದ ಒಂದು ದಿಬ್ಬ. ಬಣ್ಣ ಬೂದು. ಅದರ ಮೇಲೆ ಎರಡು ಆಡುಗಳು. ಒಂದು ಬದಿ ಕುಸಿದಿದ್ದರಿಂದ ಒಳಗಿನ ಪದರಗಳು ಕಾಣುತ್ತಿದ್ದವು: ಬಿಳುಪು, ಕಪ್ಪು, ಮತ್ತೆ ಬಿಳುಪು, ನಡುವೆ ಕೆಂಪು ಮಣ್ಣಿನ ತೆಳು ಗೆರೆ. ನನ್ನ ಹಸಿವು ಹಾರಿಹೋಯಿತು. ಗಿರಣಿಯ ಗೋಡೆ ಅಷ್ಟು ಹತ್ತಿರದಲ್ಲಿದ್ದದ್ದು ನನಗೆ ಕಾಣಲಿಲ್ಲ ಎಂದರೆ ನೀವು ನಂಬುವುದಿಲ್ಲ. ಕಂಡಿತ್ತು. ಅಡ್ಡ ಬಂತಲ್ಲ ಎಂದು ಅದರ ಮೇಲೆ ಸಿಟ್ಟು ಮಾಡಿಕೊಂಡಿದ್ದೆ.

ದಿಬ್ಬದ ಪಕ್ಕದಲ್ಲಿ ಗೌಂಡಿಯೊಬ್ಬ ಮನೆಯ ಪಾಯಕ್ಕೆ ಗೂಟ ಹೊಡೆದು ದಾರ ಕಟ್ಟುತ್ತಿದ್ದ. ಅವನಿಗೆ ಹೇಳುತ್ತ ನಿಂತಿದ್ದಾಕೆ ಶರಣವ್ವ, ಗಿರಣಿಯಲ್ಲಿ ಭತ್ತ ಹಸನು ಮಾಡುವ ಕೆಲಸದ ಹೆಂಗಸು. ಗಂಡ ತೀರಿಕೊಂಡಿದ್ದಾನೆ, ಗಿರಣಿಯವರು ಕೊಟ್ಟ ತಗಡಿನ ಕೋಣೆಯಲ್ಲಿ ವಾಸ. ಆ ಬಯಲಿನ ತುಂಡು ಅವಳ ಹೆಸರಿನಲ್ಲಿತ್ತು. ಸರಕಾರದಿಂದ ಅವಳಿಗೆ ಮನೆ ಮಂಜೂರಾಗಿತ್ತು. ದಿಬ್ಬವನ್ನು ಹರಡಿ ಸಮ ಮಾಡಿ, ಅದರ ಮೇಲೆ ಪಾಯ ಹಾಕಿ, ಆ ಪಾಯದ ಮೇಲೆ ಅವಳು ನಿಂತ ಫೋಟೋವನ್ನು ಅಧಿಕಾರಿಗಳು ತಿಂಗಳೊಳಗೆ ತೆಗೆಯಬೇಕು. ತೆಗೆಯದಿದ್ದರೆ ಆ ಮನೆ ಪಟ್ಟಿಯಲ್ಲಿ ಅವಳ ಮುಂದಿನವರಿಗೆ ಹೋಗುತ್ತದೆ. ಇದನ್ನೆಲ್ಲ ಅವಳು ನನಗೆ ಅಂದೇ, ಅಲ್ಲಿಯೇ ಹೇಳಿದಳು. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

“ನಿಲ್ಲಿಸು! ಇದನ್ನು ಮುಟ್ಟಬೇಡ!” ಎಂದು ನಾನು ಕೂಗಿದ ಧಾಟಿಗೆ ಗೌಂಡಿ ಹಾವು ಕಂಡಿತೆಂದು ಪಕ್ಕಕ್ಕೆ ಹಾರಿದ.

“ಯಾಕ್ರೀ ಯಪ್ಪಾ? ಇದು ಬರೇ ಬೂದಿರಿ” ಎಂದಳು ಶರಣವ್ವ.

“ಬೂದಿ ಎಂದೇ ಮುಟ್ಟಬಾರದು! ಇದು ಎಷ್ಟು ಹಳೆಯದು ಗೊತ್ತೇನವ್ವ? ಸಾವಿರಾರು ವರ್ಷ!”

ಅವಳು ದಿಬ್ಬವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಬಹಳ ಮರ್ಯಾದೆಯಿಂದ, “ಅಷ್ಟ ಆಗಿಲ್ಲ ಬಿಡ್ರಿ” ಎಂದಳು.

ಜಗತ್ತಿನ ಸಮಸ್ತ ಇತಿಹಾಸಕಾರರು ಹುಡುಕುವ ಪ್ರತ್ಯಕ್ಷ ಸಾಕ್ಷಿಯೊಬ್ಬಳು ಎದುರಿಗೆ ನಿಂತು ಬಾಯಿ ತೆರೆದಿದ್ದಳು. ನಾನೇನು ಮಾಡಿದೆ? ಕೈಯೆತ್ತಿ ಸುಮ್ಮನಿರಿಸಿದೆ. ಅವಳಿಗೆ ದನಗಾಹಿಗಳ ವಿಷಯ, ದೊಡ್ಡಿಗಳ ವಿಷಯ, ಮಾನವ ಜನಾಂಗದ ಮುನ್ನಡೆಯ ವಿಷಯವನ್ನೆಲ್ಲ ಅರ್ಧ ಗಂಟೆ ವಿವರಿಸಿದೆ. “ಫೋಟೋದ ದಿನ ಹೋದ್ರ ಮನಿ ಕೈ ಬಿಟ್ಟ ಹೋಗ್ತದ್ರಿ” ಎಂದು ಅವಳು ನಡುವೆ ಒಮ್ಮೆ ಹೇಳಿದಳು. “ನಾಗರಿಕತೆ ಇಷ್ಟು ಸಾವಿರ ವರ್ಷ ಕಾದಿದೆ, ನೀನು ಎರಡು ತಿಂಗಳು ಕಾಯಲಾರೆಯಾ?” ಎಂದು ನಾನು ಕೇಳಿದೆ. ಈ ವಾಕ್ಯವನ್ನು ಇವತ್ತು ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ. ಅಂದು ಮಾತ್ರ ಬಹಳ ಚೆನ್ನಾಗಿ ಹೇಳಿದೆನೆಂದು ಖುಷಿಯಾಗಿತ್ತು. ಮಣ್ಣು ಕೆದರಿ, ಬೆವರು ಒರೆಸಿಕೊಂಡು ಮರಳಿದಾಗ ನನ್ನ ಭಾವಮೈದುನ ನನ್ನನ್ನು ಕಂಡು ಬಾಗಿಲಲ್ಲೇ ಸ್ತಂಭೀಭೂತನಾದ. ಮುಂಜಾನೆ ಗೋಪೀಚಂದನ ಹಚ್ಚಿಕೊಂಡು ಕುಳಿತಿದ್ದ ವೈಷ್ಣವನು ಮಧ್ಯಾಹ್ನ ಹಣೆ ತುಂಬ, ತೋಳು ತುಂಬ ಭಸ್ಮಧಾರಿಯಾಗಿ ಬಂದಿದ್ದ. ಮತ್ತೆ ಸ್ನಾನ ಮಾಡಿಸಿಯೇ ನನಗೆ ವಡೆ ಹಾಕಿದರು.

ಮರುದಿನವೇ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟೆ. ಮೂರು ಪುಟ. ಅದರ ಕೊನೆಯಲ್ಲಿ ಯಾರೂ ಕೇಳದಿದ್ದರೂ ನಾನೇ ಗೆರೆ ಹೊಡೆದು ಒಂದು ಕೋಷ್ಟಕ ಮಾಡಿ, ಸ್ಥಳ, ಸ್ವರೂಪ, ಕಾಲ, ನಿರ್ಮಾತೃ ಎಂದು ನಾಲ್ಕು ಮನೆ ಹಾಕಿ, ಕಾಲದ ಮನೆಯಲ್ಲಿ ‘ನವಶಿಲಾಯುಗ’ ಎಂದೂ ನಿರ್ಮಾತೃವಿನ ಮನೆಯಲ್ಲಿ ‘ಅಜ್ಞಾತ ಗೋಪಾಲಕ ಜನಾಂಗ’ ಎಂದೂ ತುಂಬಿದೆ. ಅಲ್ಲಿಯ ಗುಮಾಸ್ತರು ಅದನ್ನು ಎರಡು ಸಲ ಓದಿ, ಅರ್ಥವಾಗದ್ದರಿಂದ ಹೆದರಿ, ಇದನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಳ್ಳುವುದು ಅಪಾಯವೆಂದು ಆ ಸಂಜೆಯೊಳಗೇ ಮೇಲಕ್ಕೆ ಸಾಗಿಸಿದರು. ನನ್ನ ಪಿಂಚಣಿಯ ಕಾಗದ ಅಲುಗಾಡಲು ಏಳು ತಿಂಗಳು ಹಿಡಿದಿತ್ತು. ಈ ಅರ್ಜಿಗೆ ನಾಲ್ಕೇ ದಿನದಲ್ಲಿ ಫಲ ಬಂತು. ಪರಿಶೀಲನೆಯಾಗುವವರೆಗೆ ಯಾರೂ ಅಗೆಯಕೂಡದು ಎಂಬ ನೋಟೀಸನ್ನು ದಿಬ್ಬದ ಮೇಲೆ ಗೂಟಕ್ಕೆ ಅಂಟಿಸಿದರೆಂದು ಭಾವಮೈದುನ ಫೋನು ಮಾಡಿದ.

ಆ ಎರಡು ವಾರ ನಾನು ನೆಲದ ಮೇಲೆ ನಡೆದವನಲ್ಲ. ಮುಂದೆ ಬರುವ ಯಾವುದೋ ದಪ್ಪ ಪುಸ್ತಕದ ಅಡಿಟಿಪ್ಪಣಿಯಲ್ಲಿ ನನ್ನ ಹೆಸರು ಸಣ್ಣಕ್ಷರದಲ್ಲಿ ಬರುವುದನ್ನೂ, ಓದುಗನೊಬ್ಬ ಅದನ್ನು ಓದದೆ ಮುಂದೆ ಹೋಗುವುದನ್ನೂ ಕಣ್ಣಾರೆ ಕಂಡೆ. ಓದದೆ ಹೋದವನ ಮೇಲೆ ಈಗಲೇ ಸಿಟ್ಟು ಬಂತು. ಇದರ ನಡುವೆ ವನಮಾಲಾ, ನಾನು ತಂದಿಟ್ಟ ಬೂದಿಯ ಸ್ಯಾಂಪಲ್ಲಿನಲ್ಲಿ ಒಂದು ಚಿಟಿಕೆ ತೆಗೆದು ಹಿತ್ತಾಳೆಯ ಆರತಿತಟ್ಟೆ ತಿಕ್ಕಿ ಫಳಫಳ ಮಾಡಿ, “ಇದು ಭತ್ತದ ಹೊಟ್ಟಿನ ಬೂದಿ ಅದರೀ. ನಮ್ಮ ಅಜ್ಜಿ ಇದರಿಂದನ ಹಲ್ಲ ತಿಕ್ಕೊತಿದ್ಲು” ಎಂದಳು.

“ನಿನ್ನ ಅಜ್ಜಿ ಪುರಾತತ್ತ್ವ ಓದಿರಲಿಲ್ಲ” ಎಂದೆ.

“ಓದಿದ್ದಿಲ್ಲ ಖರೆ. ಆದ್ರ ಎಂಬತ್ತಕ್ಕೂ ಕಬ್ಬ ಕಡೀತಿದ್ಲು. ನಿಮ್ಮ ಹಲ್ಲ ನೋಡ್ಕೊಳ್ರಿ.”

ಹೆಂಡತಿಯ ಬಾಯಿ ಮುಚ್ಚಿಸಬೇಕೆಂಬ ಒಂದೇ ಉದ್ದೇಶದಿಂದ ಬೂದಿಯನ್ನು ವೀರಭದ್ರಪ್ಪ ಮೇಷ್ಟ್ರಿಗೆ ಕಳಿಸಲು ನಿಶ್ಚಯಿಸಿದೆ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಸ್ಯಾಂಪಲ್ಲು ಕೆಡುತ್ತದೆಂಬ ವೈಜ್ಞಾನಿಕ ಪ್ರಜ್ಞೆ ನನ್ನಲ್ಲಿ ಹೇಗೋ ಉಳಿದುಕೊಂಡಿತ್ತು. ಆದ್ದರಿಂದ ಹೊಸ ಮಣ್ಣಿನ ಕುಡಿಕೆಯೊಂದನ್ನು ತಂದು, ಅದರಲ್ಲಿ ಬೂದಿ ತುಂಬಿ, ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ, ಬೆಳಿಗ್ಗೆ ಮಿಂದು, ರಾಯಚೂರಿನ ನಿಲ್ದಾಣಕ್ಕೆ ಹೋಗಿ ದೇವದುರ್ಗದ ಕಂಡಕ್ಟರರ ಕೈಗೆ ಎರಡೂ ಕೈಯಿಂದ ಕೊಟ್ಟು, “ಒಳಗೆ ಬೂದಿ ಇದೆ, ಜೋಪಾನ” ಎಂದೆ. ಇಷ್ಟು ಹೇಳಿದ ಮೇಲೆ, ಓದುಗ ಮಹಾಶಯರೇ, ದೇವದುರ್ಗದ ಆಚೆಗೆ ಕೃಷ್ಣಾನದಿ ಹರಿಯುತ್ತದೆ ಎಂಬುದನ್ನು ನಾನು ನೆನಪಿಸುವ ಅಗತ್ಯವಿಲ್ಲ.

ಕಂಡಕ್ಟರು ಥಟ್ಟನೆ ಚಪ್ಪಲಿ ಕಳಚಿದ. “ಭಾಳ ವಯಸ್ಸಾಗಿತ್ತೇನ್ರಿ?” ಎಂದು ಮೆಲುದನಿಯಲ್ಲಿ ಕೇಳಿದ. “ಬಹಳ” ಎಂದೆ. ಲಗೇಜಿನ ಹಣ ಬೇಡವೆಂದ. ನನಗೆ ನಮ್ಮ ಸಾರಿಗೆಯವರ ಇತಿಹಾಸಪ್ರೀತಿಯ ಬಗ್ಗೆ ಅಭಿಮಾನವೆನಿಸಿತು.

ಮುಂದಿನದನ್ನು ಮೇಷ್ಟ್ರೇ ನನಗೆ ಹೇಳಿದ್ದು. ಕುಡಿಕೆಯನ್ನು ಡ್ರೈವರನ ಮುಂದೆ ದೇವರ ಪಟದ ಕೆಳಗೆ ಕೂಡಿಸಿದರಂತೆ. ಟೇಪಿನ ಹಾಡು ಬಂದ್ ಮಾಡಿದರಂತೆ. ದಾರಿಯಲ್ಲಿ ಹತ್ತಿದ ಹೆಣ್ಣುಮಗಳೊಬ್ಬಳು ತನ್ನ ತಲೆಯ ಮಲ್ಲಿಗೆಯಲ್ಲಿ ಅರ್ಧ ಹರಿದು ಅದರ ಮೇಲಿಟ್ಟಳಂತೆ. ಯಾರೋ ಊದಿನಕಡ್ಡಿ ಹಚ್ಚಿದರಂತೆ. ದೇವದುರ್ಗದಲ್ಲಿ ಕಂಡಕ್ಟರು ಬರಿಗಾಲಲ್ಲಿ ಇಳಿದು, ತಲೆ ತಗ್ಗಿಸಿ, “ರಾಯಚೂರಿನ ಲೆಕ್ಚರರ್ ಸಾಹೇಬ್ರ ಮನಿಯಿಂದ ಬಂದದ್ರಿ” ಎಂದು ಕೊಟ್ಟಾಗ, ಪತ್ರಿಕೆ ಕೊಳ್ಳಲು ನಿಲ್ದಾಣಕ್ಕೆ ಬಂದಿದ್ದ, ಕಟ್ಟು ಬರುವ ಸುದ್ದಿಯೇ ಇಲ್ಲದ ಮೇಷ್ಟ್ರು ಅದರ ಬಿಳಿಯ ಬಟ್ಟೆಯನ್ನೂ ಮಲ್ಲಿಗೆಯನ್ನೂ ನೋಡಿ ತಾವೂ ಚಪ್ಪಲಿ ಕಳಚಿದರು. ಫೋನು ಮಾಡುವುದನ್ನು ನಾನು ಮರೆತಿದ್ದೆ. ಅವರು ಅಲ್ಲಿಂದಲೇ ನಮ್ಮ ಮನೆಗೆ ಕರೆ ಮಾಡಿದರು.

“ಹಲೋ” ಎಂದೆ.

ಆ ಕಡೆ ಬಸ್ಸಿನ ಹಾರ್ನು ಕೇಳಿಸಿತು. ಆಮೇಲೆ, “ಸರ... ನೀವ ಏನ್ರೀ?”

“ನಾನಲ್ಲದೆ ಮತ್ಯಾರು?”

“ಮತ್ತ ಕುಡಿಕ್ಯಾಗ ಯಾರ್ರೀ?”

ನಾನು ವಿವರಿಸಿದ ಮೇಲೆ ಅವರು ನನ್ನನ್ನು ಬೈದ ಬೈಗುಳಗಳು ಮುದ್ರಣಯೋಗ್ಯವಲ್ಲ. ನಾನು ಬದುಕಿರುವುದು ಅವರಿಗೆ ಅಷ್ಟು ಸಂತೋಷ ಕೊಟ್ಟಿತ್ತು. ಆದರೆ ಅವರ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ನಿಲ್ದಾಣದ ಮಂದಿ ಆಗಲೇ ಆಟೋ ಕರೆದು, ಸೀದಾ ಹೊಳೆಗೆ ಹೋಗಿರೆಂದು ಒತ್ತಾಯಿಸುತ್ತಿದ್ದರು. ಮೇಷ್ಟ್ರು ತಪ್ಪಿಸಿಕೊಂಡು ಚಹಾದಂಗಡಿಯ ಮೂಲೆಯಲ್ಲಿ ಕೂತು, ಕುಡಿಕೆ ಬಿಚ್ಚಿ, ಭೂತಗನ್ನಡಿ ಹಿಡಿದು, ಬೂದಿಯನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡತೊಡಗಿದಾಗ, ಒಬ್ಬ ಮುದುಕ ಎದ್ದು ಬಂದು, “ಸತ್ತವರಿಗೆ ಇಷ್ಟ ತ್ರಾಸ ಕೊಡಬಾರ್ದ್ರಿ” ಎಂದು ಕೈಮುಗಿದನಂತೆ.

ಒಂದು ಗಂಟೆಯ ನಂತರ ಮತ್ತೆ ಅವರ ಫೋನು ಬಂತು. ದನಿ ಶಾಂತವಾಗಿತ್ತು, ಅದರಿಂದಲೇ ನನಗೆ ಹೆದರಿಕೆಯಾಯಿತು.

“ಸರ, ಇದರಾಗ ಅರೆಸುಟ್ಟ ಭತ್ತದ ಹೊಟ್ಟು ಅದ. ಇನ್ನೊಂದು ಅದ. ನೀಲಿ ಪ್ಲಾಸ್ಟಿಕ್ ಚೀಲದ ದಾರ. ನವಶಿಲಾಯುಗದಾಗ ಪ್ಲಾಸ್ಟಿಕ್ ಚೀಲ ಇದ್ದವೇನ್ರಿ?”

ನಾನು ಫಳಫಳ ಹೊಳೆಯುವ ಆರತಿತಟ್ಟೆಯತ್ತ ನೋಡಿದೆ.

“ಆ ಓಣ್ಯಾಗ ಯಾರನ್ನರ ಕೇಳಿದ್ರೇನು?”

“ಒಬ್ಬಾಕೆ ಹೇಳಲಿಕ್ಕೆ ಬಂದಿದ್ದಳು” ಎಂದೆ.

ಕ್ಯಾಲೆಂಡರು ನೋಡಿದೆ. ಶರಣವ್ವನ ಫೋಟೋದ ಗಡುವಿಗೆ ಐದು ದಿನ ಉಳಿದಿತ್ತು. ಮೂವತ್ತು ವರ್ಷ ಭಸ್ಮವೆಂದರೇನೆಂದು ಪಾಠ ಹೇಳಿದವನು ನಾನು, ಅದರಲ್ಲಿ ಒಂದು ಚಮಚೆಯನ್ನು ಪ್ರನಾಳದಲ್ಲಿ ಹಾಕಿ ನೋಡಬೇಕೆಂದು ನನಗೆ ಹೊಳೆಯಲಿಲ್ಲವಲ್ಲ! ಅಡಿಟಿಪ್ಪಣಿಯಲ್ಲಿ ಬರುವ ಆಸೆಗೆ ಒಬ್ಬಳ ಮನೆಯನ್ನು ಗೂಟಕ್ಕೆ ಕಟ್ಟಿ ಬಂದಿದ್ದೆ. ವನಮಾಲಾ ಚೀಲ ತುಂಬಿ, “ನಡೀರಿ, ನಾನೂ ಬರ್ತೀನಿ. ನೀವೊಬ್ರ ಹೋದ್ರ ಇನ್ನೇನರ ಹುಡುಕ್ತೀರಿ” ಎಂದಳು.

ಮಾನ್ವಿಗೆ ಹೋದಾಗ ಶರಣವ್ವ ದಿಬ್ಬದ ನೆರಳಿನಲ್ಲಿ ಕೂತಿದ್ದಳು, ಕೈಯಲ್ಲಿ ಕೋಲು. ನನ್ನನ್ನು ಕಂಡು ಎದ್ದು, ಬೈಯುತ್ತಾಳೆಂದು ನಾನು ಕಾಯುತ್ತಿದ್ದರೆ, ಅಪರಾಧಿಯಂತೆ ಸೆರಗು ಸರಿಮಾಡಿಕೊಂಡಳು. ನೋಟೀಸಿನ ಒಂದು ಮೂಲೆಯನ್ನು ಆಡು ತಿಂದುಬಿಟ್ಟಿತ್ತು. “ನಾ ನೀರಿಗೆ ಹೋದಾಗ ತಿಂದದ್ರಿ ಯಪ್ಪಾ. ಉಳಿದದ್ದು ತಿನ್ನಬಾರ್ದಂತ ದಿನಾ ಕಾಯಾಕತ್ತೀನಿ. ಮ್ಯಾಲ ಹುಡುಗ್ರನ್ನೂ ಹತ್ತಾಕ ಬಿಟ್ಟಿಲ್ಲ” ಎಂದಳು. ಕೂಲಿ ಬಿಟ್ಟು, ಬಿಸಿಲಲ್ಲಿ ಕೂತು, ತನ್ನದೇ ಮನೆ ಆಗದಂತೆ ತಡೆದ ಕಾಗದವನ್ನು ಮೂರು ವಾರ ಅವಳು ಕಾಯ್ದಿದ್ದಳು. ಓದಿದವರು ಹೇಳಿದ್ದಾರೆಂದು! ನನಗೆ ಅಲ್ಲಿಯೇ ನೆಲಕ್ಕಿಳಿದು ಹೋಗಬೇಕೆನಿಸಿತು.

“ಶರಣವ್ವ, ಅವತ್ತು ನೀನು ಅಷ್ಟಾಗಿಲ್ಲ ಅಂದೆಯಲ್ಲ” ಎಂದೆ, “ಎಷ್ಟಾಗಿದೆ?”

“ಹನ್ನೊಂದು ವರ್ಷದ್ದರಿ. ನಮ್ಮ ಮನಿಯವರು ಹೊತ್ತಾಕಿದ್ದು.”

ಮಲ್ಲಪ್ಪ, ಅವಳ ಗಂಡ, ಗಿರಣಿಯ ಬಾಯ್ಲರಿಗೆ ಹೊಟ್ಟು ಹಾಕುವವನಾಗಿದ್ದ. ಈ ಜಾಗ ಸಿಕ್ಕಾಗ ತಗ್ಗು, ಮಳೆ ಬಂದರೆ ಮೊಣಕಾಲ ನೀರು. ಎಂದಾದರೂ ಮನೆ ಕಟ್ಟಿದರೆ ನೀರು ಒಳಗೆ ಬರಬಾರದೆಂದು, ದಿನಾ ಕೆಲಸ ಬಿಟ್ಟ ಮೇಲೆ ಎರಡೆರಡು ಪುಟ್ಟಿ ಬೂದಿಯನ್ನು ತಲೆಯ ಮೇಲೆ ಹೊತ್ತು ತಂದು ಸುರಿದ. ತಗ್ಗು ತುಂಬಿತು, ನೆಲಮಟ್ಟಕ್ಕೆ ಬಂತು, ಆಮೇಲೂ ಸುರಿದ. ಯಾಕೆಂದು ಕೇಳಿದರೆ, ಓಣಿಯಲ್ಲಿ ಎಲ್ಲರಿಗಿಂತ ಎತ್ತರದ ಮನೆ ಆಗಲಿ ಅನ್ನುತ್ತಿದ್ದನಂತೆ. ಶರಣವ್ವ ಎದ್ದು ಕುಸಿದ ಬದಿಗೆ ಹೋಗಿ, ಕೋಲಿನಿಂದ ಒಂದೊಂದೇ ಗೆರೆ ತೋರಿಸಿದಳು. “ಈ ಕರೀದು ಅದಲ್ರಿ, ಆ ವರ್ಷ ಮಳಿ ಜೋರ. ಹೊಟ್ಟು ಹಸಿ ಇತ್ತು, ಸರಿಯಾಗಿ ಸುಡಲಿಲ್ಲ. ಇದು ಬೆಳ್ಳಂದು, ಹೊಸ ಬಾಯ್ಲರ ಬಂದಿತ್ತು. ಈ ಕೆಂಪ ಗೆರಿ ನಮ್ಮ ಮಗಳು ಹುಟ್ಟಿದಾಗಿಂದು. ಹದಿನೈದ ದಿನ ಅವ್ರು ನನ್ನ ಬಾಣಂತನ ಮಾಡ್ಕೋತ ಮನ್ಯಾಗ ಇದ್ರು, ಗಾಳಿಗೆ ಮಣ್ಣ ಬಂದು ಕೂತದ.” ನಾನು ನಾಲ್ಕು ದಪ್ಪ ಪುಸ್ತಕ ಓದಿ ಓದಲಾರದ ಗುಡ್ಡವನ್ನು ಅವಳು ಗೋಡೆಯ ಮೇಲೆ ಗೀಚಿಟ್ಟ ಹಾಲಿನ ಲೆಕ್ಕದ ಹಾಗೆ ಸರಾಗವಾಗಿ ಓದಿದಳು. ವನಮಾಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಮತ್ತೆ ಮುಖಕ್ಕೆಲ್ಲ ಬೂದಿಯಾಯಿತು.

ಅಲ್ಲಿಂದ ಕಚೇರಿಗೆ ಓಡಿದೆವು. ಗುಮಾಸ್ತರು ನನ್ನ ಮಾತನ್ನು ಪೂರ್ತಿ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಳೇದು ಅಂತ ಅರ್ಜಿ ಕೊಡೋರನ್ನ ನೋಡೀನ್ರಿ. ಹಳೇದಲ್ಲ ಅಂತ ಕೊಟ್ಟೋರು ನೀವ ಮೊದಲನೇದವ್ರು. ಅದಕ್ಕ ನಮೂನಿ ಇಲ್ರಿ.”

“ಹಾಗಾದರೆ ಏನು ಮಾಡಬೇಕು?”

“ನೀವ ಹಾಕಿದ ಮನಿ ನೀವ ತುಂಬ್ರಿ” ಎಂದು ನನ್ನ ಹಳೆಯ ಕೋಷ್ಟಕವನ್ನು ಮುಂದಕ್ಕೆ ತಳ್ಳಿದರು. “ಕಾಲ ತಪ್ಪು ಅಂದ್ರ ಖರೇ ಕಾಲ ಬೇಕು. ಮಾಡಿದವರು ಇವರಲ್ಲ ಅಂದ್ರ ಮತ್ತ್ಯಾರು? ಖಾಲಿ ಬಿಟ್ರ ಸಾಹೇಬ್ರು ಸಹಿ ಹಾಕೂದಿಲ್ಲ.”

ಹೊಸ ಕಾಗದದಲ್ಲಿ ಮತ್ತೆ ಗೆರೆ ಹೊಡೆದೆ. ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕನಾದ ನಾನು ಅಜ್ಞಾನದಿಂದಲೂ ಅತ್ಯುತ್ಸಾಹದಿಂದಲೂ ತಪ್ಪು ಮಾಹಿತಿ ಕೊಟ್ಟೆನೆಂದು ಮೊದಲು ಬರೆದೆ. ಸ್ವರೂಪ: ಭತ್ತದ ಹೊಟ್ಟಿನ ಬೂದಿ. ಕಾಲ: ಮಲ್ಲಪ್ಪನ ಕಾಲ, ಹನ್ನೊಂದು ವರ್ಷ. ನಿರ್ಮಾತೃ: ಮಲ್ಲಪ್ಪ, ಬಾಯ್ಲರ್ ಕೆಲಸಗಾರ. ಗುಮಾಸ್ತರು ಓದಿ, ಎಲ್ಲಿಯೂ ತಪ್ಪು ಕಾಣದೆ, ಸೀಲು ಹೊಡೆದರು. ಮರುದಿನ ನೋಟೀಸು ಕಿತ್ತರು. ಗೌಂಡಿ, ಭಾವಮೈದುನ, ನಾನು, ಕಡೆಗೆ ಗಿರಣಿಯ ಮಾಲೀಕರೂ ಸೇರಿ ಗುದ್ದಲಿ ಹಿಡಿದೆವು. ಗಡುವಿನ ಕೊನೆಯ ದಿನ ಮಧ್ಯಾಹ್ನ, ಓಣಿಯ ಎಲ್ಲ ಮನೆಗಳಿಗಿಂತ ಎತ್ತರದ ಪಾಯದ ಮೇಲೆ ಶರಣವ್ವ ಕೈಕಟ್ಟಿಕೊಂಡು ನಿಂತಳು, ಅಧಿಕಾರಿ ಮೊಬೈಲಿನಲ್ಲಿ ಫೋಟೋ ತೆಗೆದರು. ಮನೆ ಅವಳದಾಯಿತು.

ಹೊರಡುವಾಗ ಅವಳು ಆ ಸೀಲಿನ ಕಾಗದದ ನಕಲು ಬೇಕೆಂದಳು. ಗಂಡ ಇಂಥದ್ದು ಮಾಡಿದ ಎಂದು ಬರೆದ ಕಾಗದ ಮನೆಯಲ್ಲಿ ಒಂದೂ ಇಲ್ಲವಂತೆ. ಝೆರಾಕ್ಸ್ ಮಾಡಿಸಿ ಕೊಟ್ಟೆ. ಓದಲು ಬಾರದ್ದರಿಂದ, ಓದಿ ಹೇಳಿರೆಂದಳು. ಪಾಯದ ಅಂಚಿನಲ್ಲಿ ಕೂತು ಗಟ್ಟಿಯಾಗಿ ಓದಿದೆ. ಇನ್ನೊಮ್ಮೆ ಎಂದಳು, ಓದಿದೆ. ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದಳು.

“ಎಲ್ಲಾ ಸರಿ ಅದರಿ” ಎಂದಳು. ಆಮೇಲೆ, ನನ್ನ ಮನಸ್ಸಿಗೆ ನೋವಾಗಬಾರದೆಂಬಂತೆ, “ಕಡೀ ಮೂರು ವರ್ಷ ಅವರ ಸೊಂಟ ಹಿಡಿದಿತ್ರಿ ಯಪ್ಪಾ. ಆವಾಗ ಹೊತ್ತಾಕಿದ್ದು ನಾನು.”

ಮೂರನೆಯ ಸಲ ನನ್ನನ್ನು ಬಾಗಿಲಲ್ಲಿ ಕಂಡ ಗುಮಾಸ್ತರು ಕುರ್ಚಿಯಿಂದ ಅರ್ಧ ಎದ್ದರು. “ಈಗ ಮತ್ತೇನ ಸಿಕ್ಕಿತ್ರೀ?”

“ಏನೂ ಸಿಕ್ಕಿಲ್ಲ” ಎಂದೆ. “ಒಂದು ಹೆಸರು ಬಿಟ್ಟಿದ್ದೆ, ಬರೆಯಬೇಕು.”